ಹಳೆ ಮನೆಯನ್ನು ಮೇಲಿಂದ ಕೆಳಗೆ ಇಳಿಸಿದ್ದು

ಅಜ್ಜನ ಕಾಲದ ಮನೆ ಕೆಡವೋದು ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ ಮೇಲೆ ಬಂದ ಮೊದಲ ಸಲಹೆ, 'ಒಂದು ಹಿಟಾಚಿ ತರಿಸಿ, ಎರಡೇ ದಿನದಲ್ಲಿ ನೆಲಸಮ ಮಾಡಿಬಿಡಿ' ಅನ್ನೋದು. ಹಾಗೆ ಹೇಳಿದವರು ಒಬ್ಬಿಬ್ಬರಲ್ಲ. ಕಟ್ಟೋಕೆ ಎಂಜಿನಿಯರ್ ಬೇಕು, ಕೆಡವೋಕೆ ಯಾಕೆ ಅಂತ ತುಂಬಾ ಜನ ನಿಜವಾಗಿಯೂ ನಂಬಿದ್ದಾರೆ. ನಮ್ಮ ಮನೆ ಇಳಿಸುವಾಗ ನಾನು ಶುರುವಿನಿಂದ ಕೊನೆವರೆಗೂ ಅಲ್ಲೇ ಇದ್ದೆ. ಕೆಡವುವವರಿಗೆ ಕಟ್ಟುವವರಿಗಿಂತ ಜಾಸ್ತಿ ತಿಳಿದಿರಬೇಕು ಅಂತ ಈಗ ನಾನು ಧೈರ್ಯವಾಗಿ ಹೇಳುತ್ತೇನೆ.

ಮನೆ ಎರಡು ಅಂತಸ್ತಿನದು. ಮುಂದಿನ ಅರ್ಧ ತೀರಾ ಹಳೆಯದು. ಗಾರೆಯಲ್ಲಿ ಕಟ್ಟಿದ ದಪ್ಪ ಇಟ್ಟಿಗೆ ಗೋಡೆ, ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆಯ ಚಿಕ್ಕ ಚಿಕ್ಕ ಕಮಾನು ಹಾಕಿದ ಚಾವಣಿ. ಹಿಂದಿನ ಅರ್ಧ ಆಮೇಲೆ ಸೇರಿಸಿದ್ದು. ಅಲ್ಲಿ ಆರ್‌ಸಿಸಿ ಸ್ಲ್ಯಾಬು, ಚಾಚಿಕೊಂಡ ಬಾಲ್ಕನಿ, ಕಿಟಕಿಗಳ ಮೇಲೆ ಸಜ್ಜಾ. ತಾರಸಿ ಮೇಲೆ ಆಸ್ಬೆಸ್ಟಾಸ್ ಶೀಟಿನ ಶೆಡ್ಡು. ಎಡಗಡೆಯ ಗೋಡೆ ನಮಗೂ ಪಕ್ಕದ ಮನೆಗೂ ಒಂದೇ. ಬಲಗಡೆ ಜನ ಓಡಾಡುವ ದಾರಿ.

ಎಂಜಿನಿಯರ್ ಮೇಡಂ ಮೊದಲ ಸಲ ಬಂದಾಗ ಅವರ ಕೈಯಲ್ಲಿ ಇದ್ದದ್ದು ಒಂದು ಚಿಕ್ಕ ಸುತ್ತಿಗೆ, ಟಾರ್ಚು, ಟೇಪು, ಸೀಮೆಸುಣ್ಣ. ಕೋಣೆಯಿಂದ ಕೋಣೆಗೆ ಹೋಗಿ ಗೋಡೆ ತಟ್ಟಿ ಸದ್ದು ಕೇಳಿದರು. ಅನುಮಾನ ಬಂದ ಕಡೆ ಗಾರೆ ಕೆರೆದು ಒಳಗೆ ಏನಿದೆ ಅಂತ ನೋಡಿದರು. ಪ್ರತಿ ಗೋಡೆ, ಪ್ರತಿ ತೊಲೆಗೂ ಅವರದ್ದು ಎರಡೇ ಪ್ರಶ್ನೆ: ಇದು ಏನನ್ನು ಹೊತ್ತಿದೆ? ಇದನ್ನು ಯಾವುದು ಹಿಡಿದು ನಿಲ್ಲಿಸಿದೆ? ಉತ್ತರವನ್ನು ನಕ್ಷೆಯ ಮೇಲೆ ಬಾಣ ಹಾಕಿ ಗುರುತು ಮಾಡಿಕೊಂಡರು. ಹಳೆ ಮನೆಗೆ ನಕ್ಷೆ ಎಲ್ಲಿಂದ ಬರಬೇಕು? ಅದನ್ನೂ ಅವರೇ ಅಳತೆ ತೆಗೆದು ಬರೆದರು.

ನಡುಮನೆಯ ಒಂದು ಗೋಡೆಯಲ್ಲಿ ಸದ್ದು ಬೇರೆ ಥರ ಬಂತು. ಗಾರೆ ಕಿತ್ತು ನೋಡಿದರೆ ಅಲ್ಲೊಂದು ಹಳೆಯ ಬಾಗಿಲು ಇದ್ದದ್ದನ್ನು ಇಟ್ಟಿಗೆ ತುಂಬಿ ಮುಚ್ಚಿದ್ದರು. ಬಾಗಿಲ ಮೇಲಿನ ಮರದ ಅಡ್ಡಪಟ್ಟಿಯನ್ನು ಗೆದ್ದಲು ಪೂರ್ತಿ ತಿಂದಿತ್ತು. ಬೆರಳಿಟ್ಟರೆ ಪುಡಿ ಉದುರುತ್ತಿತ್ತು. ಅಂದರೆ ಆ ಜಾಗದಲ್ಲಿ ಮೇಲಿನ ಗೋಡೆ ಯಾವ ಆಧಾರವೂ ಇಲ್ಲದೆ ತನ್ನಷ್ಟಕ್ಕೆ ತಾನು ಕಚ್ಚಿಕೊಂಡು ನಿಂತಿತ್ತು. ನಾವು ಅದರ ಪಕ್ಕದಲ್ಲೇ ಅಷ್ಟು ವರ್ಷ ಓಡಾಡಿದ್ದೇವೆ! ಮೇಡಂ ಅಲ್ಲಿ ಸೀಮೆಸುಣ್ಣದಿಂದ ದೊಡ್ಡ ಅಡ್ಡಗೆರೆ ಎಳೆದು, ಜಾಕಿ ಕೊಡುವವರೆಗೆ ಯಾರೂ ಆ ಗೋಡೆಗೆ ಸುತ್ತಿಗೆ ತಾಗಿಸಬಾರದು ಅಂದರು. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ ಕೆಡವುವ ಮುಂಚೆ ತಿಳಿದವರು ಕಟ್ಟಡ ಪರೀಕ್ಷೆ ಮಾಡಿರಬೇಕು, ಮಾಡಿದ್ದಕ್ಕೆ ಬರಹದ ದಾಖಲೆಯೂ ಇರಬೇಕು. ಅದು ಯಾಕೆ ಅಂತ ಆ ಮರದ ಪುಡಿ ನೋಡಿದ ಮೇಲೆ ನನಗೆ ಯಾರೂ ಹೇಳಬೇಕಾಗಲಿಲ್ಲ.

ಆಮೇಲೆ ಸಂಪರ್ಕಗಳನ್ನು ಕಡಿಸೋದು. ಕರೆಂಟು ಅಂದರೆ ಮೇನ್ ಸ್ವಿಚ್ ಆಫ್ ಮಾಡಿದರೆ ಸಾಲದು. ಹೊರಗಿನ ಕಂಬದಿಂದಲೇ ತಂತಿ ಬಿಡಿಸಬೇಕು, ಬಿಡಿಸಿದ್ದಕ್ಕೆ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಅಷ್ಟಾದರೂ ಮೇಸ್ತ್ರಿ ಒಂದೊಂದು ಪಾಯಿಂಟಿಗೂ ಟೆಸ್ಟರ್ ಇಟ್ಟು ನೋಡಿದರು. ಹಳೆ ಮನೆಗಳಲ್ಲಿ ಯಾವ ಕಾಲದಲ್ಲೋ ಬೇರೆ ಕಡೆಯಿಂದ ಎಳೆದ ತಂತಿ ಗೋಡೆಯೊಳಗೆ ಜೀವಂತ ಇರಬಹುದು. ಗ್ಯಾಸ್ ಇದ್ದರೆ ಅದಕ್ಕೂ ಇದೇ ಮಾತು. ನೀರಿನ ಹಳೆ ಲೈನ್ ಮುಚ್ಚಿಸಿ, ಧೂಳಿಗೆ ಹೊಡೆಯೋಕೆ ಹೊರಗಿಂದ ಬೇರೆ ಪೈಪ್ ತಂದರು. ತಾರಸಿಯ ಟ್ಯಾಂಕ್ ಖಾಲಿ ಮಾಡಿದರು. 1000 ಲೀಟರ್ ನೀರು ಅಂದರೆ ಒಂದು ಟನ್ ತೂಕ, ಅಲ್ವಾ? ಹಿತ್ತಲಲ್ಲಿ ಚಪ್ಪಡಿ ಮುಚ್ಚಿದ ಹಳೆಯ ಮಲಗುಂಡಿಯನ್ನು ಹುಡುಕಿ ಸುತ್ತ ಬೇಲಿ ಹಾಕಿದರು. ಯಂತ್ರ ಅದರ ಮೇಲೆ ಹತ್ತಿದರೆ ಚಪ್ಪಡಿ ತಡೆಯೋದಿಲ್ಲ.

ಈ ಹೊತ್ತಿಗೆ ನಮ್ಮ ಅಣ್ಣ ಒಂದು ಪ್ರಶ್ನೆ ಕೇಳಿದ. 'ಟಿವಿಯಲ್ಲಿ ತೋರಿಸ್ತಾರಲ್ಲ ಮೇಡಂ, ಗುಂಡಿ ಒತ್ತಿದ ತಕ್ಷಣ ಕೂತುಬಿಡುತ್ತೆ. ಅದೇ ಸುಲಭ ಅಲ್ವಾ?' ಮೇಡಂ ಸಮಾಧಾನದಿಂದ ವಿವರಿಸಿದರು. 2022ರ ಆಗಸ್ಟ್ 28ರಂದು ನೋಯ್ಡಾದ ಅವಳಿ ಗೋಪುರಗಳನ್ನು ಸುಮಾರು 3,700 ಕೆಜಿ ಸ್ಫೋಟಕದಿಂದ ಕೆಡವಿದರು. ಕಟ್ಟಡ ಕುಸಿದದ್ದು ಹತ್ತು ಸೆಕೆಂಡಿನೊಳಗೆ. ಆದರೆ ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಕೆಲಸ ನಡೆದಿತ್ತು. ಕಂಬಗಳಲ್ಲಿ 9,000ಕ್ಕೂ ಹೆಚ್ಚು ರಂಧ್ರ ಕೊರೆದಿದ್ದರು. ಸುತ್ತಲಿನ ಸಾವಿರಾರು ಜನರನ್ನು ಮನೆಯಿಂದ ಹೊರಗೆ ಕಳಿಸಿದ್ದರು. ಆಮೇಲೆ ಉಳಿದ ರಾಶಿ ಸುಮಾರು 80,000 ಟನ್. ಸ್ಫೋಟದ ವಿಧಾನ ಇರೋದು ಅಂಥ ಎತ್ತರದ ಕಟ್ಟಡಕ್ಕೆ, ಸುತ್ತ ಜಾಗ ಖಾಲಿ ಮಾಡಿಸಲು ಸಾಧ್ಯ ಇರುವ ಕಡೆಗೆ. ತಪ್ಪಿದರೆ ದೂರ ನಿಂತವರಿಗೂ ರಕ್ಷಣೆ ಇಲ್ಲ. 1997ರ ಜುಲೈ 13ರಂದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಹಳೆಯ ಆಸ್ಪತ್ರೆಯನ್ನು ಸ್ಫೋಟಿಸುವುದನ್ನು ನೋಡಲು ಭಾರೀ ಜನ ಸೇರಿದ್ದರು. ಸರೋವರದ ಆಚೆ ದಡದಲ್ಲಿ, 400 ಮೀಟರಿಗೂ ದೂರದಲ್ಲಿ ನಿಂತಿದ್ದ 12 ವರ್ಷದ ಹುಡುಗಿಗೆ ಸಿಡಿದು ಬಂದ ಲೋಹದ ತುಂಡು ಬಡಿದು ಜೀವ ಹೋಯಿತು. ಅಣ್ಣ ಮತ್ತೆ ಆ ಮಾತು ಎತ್ತಲಿಲ್ಲ.

ನಮಗೆ ಗೊತ್ತುಮಾಡಿದ ವಿಧಾನ ಹೀಗೆ. ಮೇಲಂತಸ್ತು ಪೂರ್ತಿ ಕೈಕೆಲಸ ಮತ್ತು ಕೈಯಲ್ಲಿ ಹಿಡಿಯುವ ಬ್ರೇಕರ್, ಅಂದರೆ ಕುಟ್ಟಿ ಕಾಂಕ್ರೀಟ್ ಒಡೆಯುವ ಯಂತ್ರ. ಪಕ್ಕದ ಮನೆಗೆ ಅಂಟಿದ ಭಾಗವೂ ಕೈಕೆಲಸವೇ. ಒಂದೇ ಅಂತಸ್ತು ಉಳಿದು, ಅದೂ ಪಕ್ಕದ ಮನೆಯಿಂದ ಬೇರೆಯಾದ ಮೇಲೆ ಮಾತ್ರ ಹಿಟಾಚಿ. ಕಟ್ಟಿದ ಕ್ರಮಕ್ಕೆ ಸರಿಯಾಗಿ ಉಲ್ಟಾ, ಮೇಲಿಂದ ಕೆಳಕ್ಕೆ. (ಕೆಳಗಿಂದ ಶುರುಮಾಡುವ ವಿಧಾನವೂ ಇದೆ. ಜಪಾನಿನ ಕಜಿಮಾ ಕಂಪನಿ 2008ರಲ್ಲಿ ತನ್ನದೇ ಹಳೆಯ ಎತ್ತರದ ಕಚೇರಿಗಳನ್ನು ದೊಡ್ಡ ಜಾಕಿಗಳ ಮೇಲೆ ನಿಲ್ಲಿಸಿ, ಕೆಳಗಿನ ಒಂದೊಂದೇ ಅಂತಸ್ತು ಕತ್ತರಿಸುತ್ತಾ ಇಡೀ ಕಟ್ಟಡವನ್ನು ನಿಧಾನವಾಗಿ ಇಳಿಸಿತು. ಕೆಲಸವೆಲ್ಲ ನೆಲದ ಹತ್ತಿರವೇ ನಡೆಯುವುದರಿಂದ ಧೂಳು, ಸದ್ದು ಎರಡೂ ಕಮ್ಮಿ. ಅದು ಬೇರೆಯದೇ ಮಟ್ಟದ ಲೆಕ್ಕಾಚಾರ.)

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ, ಅವರ ಮಗ, ಸೊಸೆ ಇದ್ದಾರೆ. ಕೆಲಸ ಶುರುವಾಗುವ ಮುಂಚೆ ಅವರ ಮನೆಯ ಪ್ರತಿ ಕೋಣೆಯ ಫೋಟೋ ತೆಗೆದೆವು. ಇರುವ ಬಿರುಕುಗಳನ್ನೆಲ್ಲ ತಾರೀಖು ಹಾಕಿ ಬರೆದು ಎರಡೂ ಕಡೆಯವರು ಸಹಿ ಮಾಡಿದೆವು. ಇದರಿಂದ ಆಮೇಲೆ ಜಗಳ ತಪ್ಪುತ್ತೆ. ಅದಕ್ಕಿಂತ ಮುಖ್ಯವಾದ ಉಪಯೋಗ ಬೇರೆ ಇದೆ. ದೊಡ್ಡ ಬಿರುಕುಗಳ ಮೇಲೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಪ್ಲಾಸ್ಟರ್ ಹಾಕಿ ಅಂಟಿಸಿದರು. ಗೋಡೆ ಒಂದಿಷ್ಟು ಅಲುಗಾಡಿದರೂ ಗಾಜು ಒಡೆಯುತ್ತೆ. ಕಣ್ಣಿಗೆ ಕಾಣದ ಚಲನೆಯೂ ಹಾಗೆ ಗೊತ್ತಾಗುತ್ತೆ. 'ಅಮ್ಮಾ, ದಿನಾ ಬೆಳಗ್ಗೆ ಸಂಜೆ ಒಂದು ಸಲ ನೋಡ್ತಿರಿ' ಅಂತ ಮೇಡಂ ಅಜ್ಜಿಗೆ ಹೇಳಿದರು. ಅಜ್ಜಿ ಅದನ್ನು ತಪ್ಪದೆ ಮಾಡಿದರು.

ಮೊದಲು ಇಳಿದದ್ದು ಆಸ್ಬೆಸ್ಟಾಸ್ ಶೀಟು. ಇದರ ಬಗ್ಗೆ ಬೇಕಂತಲೇ ಬಿಡಿಸಿ ಬರೆಯುತ್ತಿದ್ದೇನೆ, ಯಾಕಂದರೆ ಜನ ಅದನ್ನು ಕಾಲಿನಿಂದ ಒದ್ದು ಒಡೆದು ಕೆಳಗೆ ಎಸೆಯೋದನ್ನು ನಾನು ಕಣ್ಣಾರೆ ನೋಡಿದ್ದೇನೆ. ಶೀಟು ಸುಮ್ನೆ ಇದ್ದಾಗ ಅಪಾಯ ಕಮ್ಮಿ. ಒಡೆದಾಗ, ಕೊರೆದಾಗ, ಉಜ್ಜಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಗಾಳಿಗೆ ಬರುತ್ತವೆ. ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರೋದಿಲ್ಲ. ಕ್ಯಾನ್ಸರ್ ಕಾಣಿಸಿಕೊಳ್ಳೋದು 20, 30, 40 ವರ್ಷ ಆದಮೇಲೆ. ಅಷ್ಟು ಹೊತ್ತಿಗೆ ಯಾವ ತಾರಸಿ ಮೇಲೆ ಉಸಿರಾಡಿದ್ದು ಅಂತ ಯಾರಿಗೆ ನೆನಪಿರುತ್ತೆ? ಬಿಳಿ, ಕಂದು, ನೀಲಿ ಅಂತ ಇದರಲ್ಲಿ ಬಗೆಗಳಿವೆ. ಎಲ್ಲವೂ ಕ್ಯಾನ್ಸರ್ ತರುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ನಮ್ಮಲ್ಲಿ ಇದಕ್ಕೆ ತರಬೇತಿ ಇದ್ದ ಬೇರೆ ತಂಡ ಬಂತು. ಬಿಸಾಡುವಂಥ ಮೈಮುಚ್ಚುವ ಬಟ್ಟೆ, ಸೂಕ್ಷ್ಮ ಕಣ ತಡೆಯುವ ಫಿಲ್ಟರ್ ಇರುವ ಮುಖವಾಡ. ಶೀಟಿಗೆ ಸೋಪಿನ ನೀರು ಮೆಲ್ಲಗೆ ಸಿಂಪಡಿಸಿ ಚೆನ್ನಾಗಿ ನೆನೆಸಿದರು. ಬೋಲ್ಟ್ ಬಿಚ್ಚಿ, ಬಿಚ್ಚಲಾಗದ್ದನ್ನು ಕತ್ತರಿಸಿ, ಶೀಟು ಒಡೆಯದಂತೆ ಇಡಿಯಾಗಿ ಕೈಯಿಂದ ಕೈಗೆ ಇಳಿಸಿದರು. ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ, ಟೇಪ್ ಹಾಕಿ, ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಿದರು. ತಾರಸಿಯನ್ನು ಪೊರಕೆಯಿಂದ ಗುಡಿಸಲಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೂ ಅದೇ ಕಟ್ಟಿಗೆ ಸೇರಿಸಿದರು. ಬಾಕಿ ಕೆಲಸಗಾರರಿಗೆ ಅದು ಮುಗಿಯುವವರೆಗೆ ಒಳಗೆ ಪ್ರವೇಶವೇ ಇರಲಿಲ್ಲ.

ಕೈಪಿಡಿಗೋಡೆ, ಶೆಡ್ಡಿನ ಕಂಬ ಎಲ್ಲ ಬೇಗ ಇಳಿದವು. ಕಿಟಕಿ, ಬಾಗಿಲು, ಮರ ಎಲ್ಲ ಮೊದಲೇ ಬಿಚ್ಚಿ ಸಾಗಿಸಿದ್ದೆವು. ಆದರೆ ಮಹಡಿಯ ನೆಲ ಹೊತ್ತಿದ್ದ ಒಂದು ತೊಲೆಯನ್ನೂ ಮುಟ್ಟಲು ಬಿಡಲಿಲ್ಲ. 2013ರ ಜೂನ್ 5ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಾಲ್ಕು ಅಂತಸ್ತಿನ ಕಟ್ಟಡವೊಂದನ್ನು ಕೆಡವುತ್ತಿದ್ದಾಗ ಒಳಗಿನ ತೊಲೆಗಳನ್ನು ಮಾರಲು ಮೊದಲೇ ತೆಗೆದುಬಿಟ್ಟಿದ್ದರು. ಎತ್ತರದ ಇಟ್ಟಿಗೆ ಗೋಡೆ ಒಂಟಿಯಾಗಿ ನಿಂತಿತ್ತು. ಅದು ಪಕ್ಕದ ಅಂಗಡಿಯ ಮೇಲೆ ಬಿದ್ದು ಒಟ್ಟು 7 ಜನ ತೀರಿಕೊಂಡರು. ಗೋಡೆಯನ್ನು ನೆಟ್ಟಗೆ ಹಿಡಿದಿರೋದು ಅದಕ್ಕೆ ಕಚ್ಚಿಕೊಂಡಿರುವ ತೊಲೆ ಮತ್ತು ಅಡ್ಡಗೋಡೆಗಳೇ. ಮರಕ್ಕೆ ಬೆಲೆ ಬರುತ್ತೆ ಅಂತ ಅದನ್ನೇ ಮೊದಲು ಎಳೆದರೆ ಹೀಗಾಗುತ್ತೆ.

ಸಜ್ಜಾ ಇಳಿಸಿದ್ದನ್ನು ನಾನು ಹತ್ತಿರದಿಂದ ನೋಡಿದೆ. ಸಜ್ಜಾ ಗೋಡೆಯಿಂದ ಹೊರಗೆ ಚಾಚಿಕೊಂಡಿರುತ್ತೆ. ಕೆಳಗೆ ಕಂಬ ಇಲ್ಲ. ಹಾಗಾದರೆ ಬೀಳದೆ ಇರೋದು ಹೇಗೆ? ಗೋಡೆಯೊಳಗೆ ಹೋದ ಅದರ ಭಾಗದ ಮೇಲೆ ಮೇಲಿನ ಗೋಡೆಯ ಭಾರ ಕೂತಿರುತ್ತೆ. ಆ ಭಾರವೇ ಹಿಡಿ. ಈಗ ಮೇಲಿಂದ ಕೆಳಗೆ ಕೆಡವುತ್ತಾ ಬರುವಾಗ ಗೋಡೆಯನ್ನು ಮೊದಲು ತೆಗೆದರೆ ಹಿಡಿ ಹೋಯಿತು. ಸಜ್ಜಾ ಅದರ ಮೇಲೆ ನಿಂತವನ ಸಮೇತ ಹೊರಕ್ಕೆ ಮಗುಚುತ್ತೆ. ಮೇಲಿಂದ ಕೆಳಕ್ಕೆ ಅನ್ನುವ ನಿಯಮವನ್ನೇ ಕಣ್ಣುಮುಚ್ಚಿ ನಂಬಿದರೂ ಜೀವ ಹೋಗುವ ಜಾಗ ಇದು. ಆದ್ದರಿಂದ ಗೋಡೆ ಮುಟ್ಟುವ ಮುಂಚೆಯೇ ಸಜ್ಜಾದ ಕೆಳಗೆ ನೆಲದಿಂದ ಪ್ರಾಪ್, ಅಂದರೆ ತಾತ್ಕಾಲಿಕ ಆಸರೆ ಕಂಬ ಕೊಟ್ಟರು. ಕೆಲಸಗಾರ ಸಜ್ಜಾ ಮೇಲೆ ಹತ್ತಲಿಲ್ಲ, ಬೇರೆಯಾಗಿ ಕಟ್ಟಿದ ಅಟ್ಟಣೆಯ ಮೇಲೆ ಬೆಲ್ಟ್ ಹಾಕಿಕೊಂಡು ನಿಂತ. ಹೊರತುದಿಯಿಂದ ಒಳಕ್ಕೆ ಕಾಂಕ್ರೀಟ್ ಒಡೆಯುತ್ತಾ ಬಂದ. ಇಂಥ ಚಾಚಿದ ಸ್ಲ್ಯಾಬಿನಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿರುತ್ತೆ. ಅದನ್ನು ಕೊನೆಗೆ ಕತ್ತರಿಸಿದ. ಬಾಲ್ಕನಿಗೂ ಇದೇ ಕ್ರಮ.

ಆರ್‌ಸಿಸಿ ಸ್ಲ್ಯಾಬಿಗೆ ಮೊದಲು ಕೆಳಗಿನಿಂದ ಸ್ವಲ್ಪ ಕಾಂಕ್ರೀಟ್ ಕೆತ್ತಿ ಮುಖ್ಯ ಕಂಬಿ ಯಾವ ಕಡೆಗೆ ಹೋಗಿದೆ ಅಂತ ಖಚಿತ ಮಾಡಿಕೊಂಡರು. ಆ ಕಂಬಿಗೆ ಸಮಾನಾಂತರವಾಗಿ ಪಟ್ಟಿ ಪಟ್ಟಿಯಾಗಿ ಒಡೆದರು. ಹಾಗೆ ಮಾಡಿದರೆ ಉಳಿದ ಪಟ್ಟಿಗಳು ಗೋಡೆಯಿಂದ ಗೋಡೆಗೆ ತಮ್ಮ ಭಾರ ತಾವೇ ಹೊರುತ್ತವೆ. ಅಡ್ಡಕ್ಕೆ ಕತ್ತರಿಸಿದರೆ ಇಡೀ ಭಾಗ ಒಟ್ಟಿಗೆ ಕೆಳಗೆ.

ಮುಂಭಾಗದ ಕಮಾನು ಚಾವಣಿ ಇದೆಯಲ್ಲ, ಅದು ಎಲ್ಲಕ್ಕಿಂತ ಕಷ್ಟದ್ದು. ಪ್ರತಿ ಕಮಾನೂ ತನ್ನ ಎರಡು ಪಕ್ಕದ ತೊಲೆಗಳನ್ನು ಹೊರಕ್ಕೆ ತಳ್ಳುತ್ತಿರುತ್ತೆ. ಪಕ್ಕದ ಕಮಾನು ಅಷ್ಟೇ ಜೋರಾಗಿ ಈ ಕಡೆ ತಳ್ಳುವುದರಿಂದ ತೊಲೆ ಅಲ್ಲೇ ನಿಂತಿರುತ್ತೆ. ತೊಲೆಗಳ ನಡುವೆ ಅಡ್ಡಕ್ಕೆ ಹಾಕಿದ ಕಬ್ಬಿಣದ ಸಲಾಕೆಗಳು ಅವು ದೂರ ಸರಿಯದಂತೆ ಎಳೆದು ಹಿಡಿದಿರುತ್ತವೆ. ಈಗ ಒಂದು ಕಮಾನನ್ನು ಪೂರ್ತಿ ಒಡೆದರೆ? ಪಕ್ಕದ್ದಕ್ಕೆ ಎದುರು ತಳ್ಳುವವರಿಲ್ಲ. ತೊಲೆ ಸರಿಯುತ್ತೆ, ಆ ಕಮಾನು ಬೀಳುತ್ತೆ, ಆಮೇಲೆ ಅದರ ಪಕ್ಕದ್ದು. ನಮ್ಮ ಮೇಸ್ತ್ರಿ ಅನುಭವಸ್ಥರು. ಆದರೂ ಅವರು ಒಂದೊಂದು ಅಂಕಣ (ಎರಡು ತೊಲೆಗಳ ನಡುವಿನ ಭಾಗ) ಪೂರ್ತಿ ತೆಗೆದು ಮುಂದೆ ಹೋಗೋಣ ಅಂದಾಗ ಮೇಡಂ ಭಾರತದ ಐಎಸ್ 4130 ಸಂಹಿತೆ ತೆರೆದು ತೋರಿಸಿದರು. ಕಟ್ಟಡ ಕೆಡವುವಾಗಿನ ಸುರಕ್ಷತೆಗೆಂದೇ ಇರುವ ಸಂಹಿತೆ ಅದು. ಅದರ ಪ್ರಕಾರ ತೊಲೆಗಳಿಗೆ ಅಡ್ಡವಾಗಿ, ಎಲ್ಲ ಕಮಾನುಗಳಿಂದಲೂ ಒಂದೊಂದು ಕಿರಿದಾದ ಪಟ್ಟಿ ತೆಗೆಯುತ್ತಾ ಹೋಗಬೇಕು. ಕಮಾನುಗಳೆಲ್ಲ ಮುಗಿಯುವವರೆಗೂ ಸಲಾಕೆ ಕತ್ತರಿಸಬಾರದು. ಹಾಗೆಯೇ ಮಾಡಿದರು. ಕೆಳಗೆ ಎಲ್ಲ ಅಂಕಣಕ್ಕೂ ಪ್ರಾಪ್ ಇತ್ತು. ಸಂಜೆ ಕೆಲಸ ನಿಲ್ಲಿಸಿದಾಗ ಉಳಿದ ಚಾವಣಿ ಒಂದು ಇಟ್ಟಿಗೆಯೂ ಅಲುಗದೆ ನಿಂತಿರುತ್ತಿತ್ತು. ಆ ಮೇಸ್ತ್ರಿ ಈಗ ಬೇರೆ ಕಡೆ ಕೆಲಸಕ್ಕೆ ಹೋದಾಗಲೂ ಇದೇ ಕ್ರಮ ಹೇಳುತ್ತಾರೆ ಅಂತ ಕೇಳಿ ಖುಷಿಯಾಯಿತು.

ಒಡೆದ ಚೂರನ್ನು ಮಹಡಿಯ ಮೇಲೆ ರಾಶಿ ಹಾಕಲು ಬಿಡಲೇ ಇಲ್ಲ. ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಆಸುಪಾಸಿನ ಓಡಾಟದ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಒಂದು ಅಡಿ ಎತ್ತರ ಇಟ್ಟಿಗೆ ಚೂರು ಹರಡಿದರೆ ಅದು 400 ಕೆಜಿ ದಾಟುತ್ತೆ. ನೀರು ಹೊಡೆದಿದ್ದರೆ ಇನ್ನೂ ಜಾಸ್ತಿ. ಮುಚ್ಚಿದ ಜಾರುಗೊಳವೆಯಿಂದ ಆಗಾಗ ಕೆಳಗೆ ಇಳಿಸುತ್ತಿದ್ದರು. ಗೊಳವೆಯ ಬುಡದ ಸುತ್ತ ಬೇಲಿ, ಅಲ್ಲೊಬ್ಬ ಕಾವಲಿಗೆ. ಮೆಟ್ಟಿಲನ್ನು ಆಯಾ ಅಂತಸ್ತು ಮುಗಿಯುವವರೆಗೂ ಮುಟ್ಟಲಿಲ್ಲ, ಓಡಿಹೋಗಲು ಇರುವ ದಾರಿ ಅದೊಂದೇ.

ಧೂಳಿನ ಬಗ್ಗೆ ನನ್ನ ತಿಳುವಳಿಕೆ ಪೂರ್ತಿ ಬದಲಾಯಿತು. ಮೋಡದ ಹಾಗೆ ಏಳುವ ಧೂಳು ಕಣ್ಣಿಗೆ, ಗಂಟಲಿಗೆ ತೊಂದರೆ ಕೊಡುತ್ತೆ, ಬೇಗ ಕೆಳಗೂ ಕೂರುತ್ತೆ. ಇಟ್ಟಿಗೆ, ಕಾಂಕ್ರೀಟ್, ಕಲ್ಲಿನೊಳಗಿನ ಸಿಲಿಕಾದ ಅತಿ ಸಣ್ಣ ಕಣ ಕಾಣಿಸೋದೇ ಇಲ್ಲ. ಗಾಳಿಯಲ್ಲಿ ತುಂಬಾ ಹೊತ್ತು ತೇಲುತ್ತೆ, ಶ್ವಾಸಕೋಶದ ತಳಕ್ಕೆ ಹೋಗಿ ಅಲ್ಲಿ ಗಾಯದ ಕಲೆ ಕಟ್ಟುತ್ತೆ. ಸಿಲಿಕೋಸಿಸ್ ಅಂತಾರೆ. ವಾಸಿ ಮಾಡುವ ಮದ್ದಿಲ್ಲ. ಅಮೆರಿಕದ ನಿಯಮದಲ್ಲಿ ಇದಕ್ಕೆ ಮಿತಿ ಎಂಟು ಗಂಟೆಯ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ ಅಷ್ಟೇ. ಮೂಗಿಗೆ ಕಟ್ಟಿದ ಟವೆಲ್ ಅದನ್ನು ತಡೆಯೋದಿಲ್ಲ. ಬ್ರೇಕರ್‌ನ ತುದಿಗೇ ನೀರು ಬೀಳುವಂತೆ ಪೈಪ್ ಹಿಡಿಯಲು ಒಬ್ಬರು ಇರಬೇಕು, ಮುಖಕ್ಕೆ ಸರಿಯಾಗಿ ಕೂರುವ ಎನ್95 ಅಥವಾ ಅದಕ್ಕಿಂತ ಮೇಲಿನದ್ದು ಬೇಕು. ಸೆಖೆಗೆ ಮುಖವಾಡ ತೆಗೆಯುವ ಕೆಲಸಗಾರರ ಮೇಲೆ ರೇಗಿ ಪ್ರಯೋಜನ ಇಲ್ಲ. ಆಗಾಗ ಬಿಡುವು ಕೊಟ್ಟು, ಸರದಿ ಬದಲಾಯಿಸಿದಾಗ ಎಲ್ಲರೂ ಹಾಕಿಕೊಂಡರು.

ಚಾವಣಿ ಹೋದ ಮೇಲೆ ಗೋಡೆ ತೀರಾ ಅಸಹಾಯಕ. ಒಂದು ಅಂತಸ್ತಿಗಿಂತ ಎತ್ತರದ ಗೋಡೆಯನ್ನು ಆಸರೆ ಇಲ್ಲದೆ ಒಂಟಿಯಾಗಿ ಬಿಡಬಾರದು, ಬುಡ ಕೊರೆದು ಬೀಳಿಸಬಾರದು. ಮೇಲಿನ ಸಾಲಿನಿಂದ ಇಟ್ಟಿಗೆ ಕೀಳುತ್ತಾ ಬಂದರು. ಗಾರೆಯ ಇಟ್ಟಿಗೆ ಹಾರೆ ತಾಗಿಸಿದರೆ ಇಡಿಯಾಗಿ ಬಿಡಿಸಿಕೊಳ್ಳುತ್ತೆ, ಮತ್ತೆ ಕಟ್ಟಲು ಬರುತ್ತೆ. ಸಿಮೆಂಟಿನಲ್ಲಿ ಕಟ್ಟಿದ ಭಾಗ ಮಾತ್ರ ಚೂರು ಚೂರು. ಜೋರು ಗಾಳಿ, ಮಳೆ ಬಂದ ದಿನ ಕೆಲಸ ಇಲ್ಲ. ಬಲಗಡೆಯ ದಾರಿಯನ್ನು ಅನುಮತಿ ಪಡೆದು ಮುಚ್ಚಿಸಿದ್ದೆವು. ಇದಕ್ಕೆ ಗೊಣಗಿದವರಿದ್ದರು. 2021ರ ಜೂನ್ 9ರಂದು ದಕ್ಷಿಣ ಕೊರಿಯಾದ ಗ್ವಾಂಗ್ಜುನಲ್ಲಿ ಕೆಡವುತ್ತಿದ್ದ ಐದು ಅಂತಸ್ತಿನ ಕಟ್ಟಡ ರಸ್ತೆಗೆ ಬಿದ್ದಾಗ ಅಲ್ಲಿ ನಿಂತಿದ್ದ ಬಸ್ಸಿನ 9 ಜನ ಸತ್ತರು. ದಾರಿ ಮುಚ್ಚಿದ್ದರೆ ಬಸ್ಸು ಅಲ್ಲಿ ಇರುತ್ತಲೇ ಇರಲಿಲ್ಲ.

ಹಿಟಾಚಿ ಬಂದ ಮೇಲೆ ಕೆಲಸ ಸರಸರ ನಡೆಯಿತು. ಗೋಡೆ ಈ ಕಡೆ ಬಿದ್ದರೂ ತಾಗದಷ್ಟು ದೂರದಲ್ಲಿ ಯಂತ್ರ, ಸನ್ನೆ ಮಾಡಲು ಒಬ್ಬ, ಬಾಕಿ ಎಲ್ಲರೂ ಬೇಲಿಯ ಆಚೆ. ತೊಂದರೆ ಬಂದದ್ದು ಪಾಯದಲ್ಲಿ. ಪಕ್ಕದ ಮನೆಯ ಹತ್ತಿರ ಒಂದು ದಪ್ಪ ಕಾಂಕ್ರೀಟ್ ತಳಪಾಯ ಸಿಕ್ಕಿತು. ಅದನ್ನು ಯಂತ್ರದ ಬ್ರೇಕರ್‌ನಿಂದ ಒಡೆಯಲು ಶುರುಮಾಡಿದ ಸ್ವಲ್ಪ ಹೊತ್ತಿಗೆ ಅಜ್ಜಿ ಹೊರಗೆ ಬಂದು ಕೂಗಿದರು: 'ಮಗಾ, ನಿಲ್ಲಿಸೋಕೆ ಹೇಳು. ಒಳಗೆ ಗಾಜು ಒಡೆದಿದೆ.' ಆ ಕ್ಷಣವೇ ಯಂತ್ರ ನಿಂತಿತು. ಮೇಡಂ ಬಂದರು. ಬಿರುಕು ಕಣ್ಣಳತೆಗೆ ಹಾಗೇ ಇತ್ತು, ಗಾಜು ಮಾತ್ರ ಎರಡು ತುಂಡು. ಎರಡೂ ಮನೆಗೆ ಸೇರಿದ ಆ ಹಂಚಿಕೆಯ ಗೋಡೆಗೆ ನಮ್ಮ ಕಡೆಯಿಂದ ಓರೆಯಾಗಿ ಊರುಗೋಲು ಕೊಟ್ಟರು. ಗಾಜಿನ ಜಾಗದಲ್ಲಿ ಮಿಲಿಮೀಟರ್ ಗೆರೆ ಇರುವ ಪ್ಲಾಸ್ಟಿಕ್ ಗೇಜು ಅಂಟಿಸಿದರು. ಅಜ್ಜಿಯ ಮನೆಯವರು ಗೋಡೆ ಪಕ್ಕದ ಕೋಣೆಯಿಂದ ಮಲಗುವ ಜಾಗ ಬದಲಾಯಿಸಿದರು.

ಆ ತಳಪಾಯವನ್ನು ಆಮೇಲೆ ಒಡೆದದ್ದು ಪುಡಿ ಹಾಕಿ. ಸುಣ್ಣದ ಮೂಲದ ಪುಡಿ ಅದು. ಸಾಲಾಗಿ ರಂಧ್ರ ಕೊರೆದು, ನೀರಲ್ಲಿ ಕಲಸಿ ಸುರಿಯುತ್ತಾರೆ. ನೀರು ಕುಡಿದು ಹಿಗ್ಗುತ್ತಾ ರಾತ್ರಿ ಬೆಳಗಾಗೋದರೊಳಗೆ ಕಾಂಕ್ರೀಟನ್ನು ಸೀಳುತ್ತೆ. ಸದ್ದಿಲ್ಲ, ನಡುಕ ಇಲ್ಲ. ಆದರೆ ತುಂಬಿದ ರಂಧ್ರದೊಳಗೆ ಬಗ್ಗಿ ನೋಡಬಾರದು. ಕೆಲವೊಮ್ಮೆ ಬಿಸಿಯಾಗಿ ಮೇಲಕ್ಕೆ ಚಿಮ್ಮುತ್ತೆ, ಕಣ್ಣು ಹೋಗಬಹುದು. ಬೆಳಗ್ಗೆ ಹೋಗಿ ನೋಡಿದರೆ ಕಾಂಕ್ರೀಟಿನ ಮೇಲೆ ರಂಧ್ರದಿಂದ ರಂಧ್ರಕ್ಕೆ ಬೆರಳು ತೂರುವಷ್ಟು ಅಗಲದ ಸೀಳು. ಹಾರೆಯಿಂದ ಎಬ್ಬಿಸಿದರು, ಮುಗಿಯಿತು.

ಪಕ್ಕದವರ ಪಾಯದ ಮಟ್ಟಕ್ಕಿಂತ ಕೆಳಗೆ ಒಂದಡಿಯೂ ಅಗೆಯಲಿಲ್ಲ. ಮಲಗುಂಡಿಯನ್ನು ಖಾಲಿ ಮಾಡಿಸಿ ಪದರ ಪದರವಾಗಿ ತುಂಬಿ ದಮ್ಮಸು ಮಾಡಿದರು. ಕಂಬಿ ಗುಜರಿಗೆ, ಕಾಂಕ್ರೀಟ್ ಪುಡಿಮಾಡಿ ಜಲ್ಲಿ ಮಾಡುವ ಕಡೆಗೆ ಹೋಯಿತು. ಹಂಚಿಕೆಯ ಗೋಡೆಯಲ್ಲಿ ನಮ್ಮ ತೊಲೆಗಳಿದ್ದ ಗೂಡುಗಳನ್ನು ಇಟ್ಟಿಗೆಯಿಂದ ತುಂಬಿ, ಇಷ್ಟು ವರ್ಷ ನಮ್ಮ ಮನೆಯೊಳಗೆ ಇದ್ದ ಅದರ ಮೈಗೆ ಮಳೆ ತಡೆಯುವ ಪ್ಲಾಸ್ಟರ್ ಮಾಡಿಸಿದೆವು. ಮತ್ತೊಮ್ಮೆ ಫೋಟೋ ತೆಗೆದು ಮೊದಲಿನ ಫೋಟೋಗಳ ಪಕ್ಕ ಇಟ್ಟು ನೋಡಿ, ಒಂದು ಹೊಸ ಕೂದಲೆಳೆ ಬಿರುಕನ್ನು ನಮ್ಮ ಖರ್ಚಲ್ಲಿ ರಿಪೇರಿ ಮಾಡಿಸಿ ಸಹಿ ಹಾಕಿಕೊಂಡೆವು. ಹೊಸ ಪಾಯ ತೆಗೆದು ಮುಗಿಯುವವರೆಗೆ ಗೇಜು, ಊರುಗೋಲು ಎರಡೂ ಹಾಗೇ ಇರಬೇಕು ಅಂತ ಮೇಡಂ ಹೇಳಿದ್ದಾರೆ. ಗೇಜಿನ ಅಳತೆಯನ್ನು ಅಜ್ಜಿ ವಾರಕ್ಕೊಮ್ಮೆ ಕ್ಯಾಲೆಂಡರ್ ಮೇಲೆ ಬರೆದಿಡುತ್ತಿದ್ದಾರೆ. ಇಲ್ಲಿವರೆಗೆ ಅಳತೆ ಬದಲಾಗಿಲ್ಲ.